ಬೀದಿಯಲ್ಲಿ ಯುದ್ಧ, ಮನೆಯೊಳಗೆ ವಯಸ್ಸು

ಕೈರೋದ ಹಳೇ ಪೇಟೆಯ ಒಂದು ಮನೆಯಲ್ಲಿ ನಡುರಾತ್ರಿ ಹೆಂಗಸೊಬ್ಬಳಿಗೆ ತಾನಾಗಿಯೇ ಎಚ್ಚರವಾಗುತ್ತದೆ. ಗಂಡ ಗೆಳೆಯರ ಕೂಟ ಮುಗಿಸಿ ಬರುವ ಹೊತ್ತು ಅದು. ಆಕೆ ಎದ್ದು ದೀಪ ಹಚ್ಚಿ, ಮರದ ಜಾಲಂಧ್ರಕ್ಕೆ ಮುಖವಿಟ್ಟು ಬೀದಿ ನೋಡುತ್ತಾ ನಿಲ್ಲುತ್ತಾಳೆ. ಮದುವೆಯಾಗಿ ಬಂದು ಕಾಲು ಶತಮಾನವಾಗಿದೆ. ಅಷ್ಟು ವರ್ಷಗಳಲ್ಲಿ ಅವಳಿಗೆ ದಕ್ಕಿದ ಊರೆಂದರೆ ಆ ಜಾಲಂಧ್ರದ ಕಿಂಡಿಗಳಲ್ಲಿ ಕಂಡಷ್ಟು, ಮಾಳಿಗೆಯ ಮೇಲಿಂದ ಕಾಣುವ ಮಸೀದಿಗಳ ಮಿನಾರುಗಳಷ್ಟು. ಗಂಡ ಬರುತ್ತಾನೆ. ಆಕೆ ಕೆಳಗೆ ಕೂತು ಅವನ ಬೂಟು, ಕಾಲುಚೀಲ ಬಿಚ್ಚುತ್ತಾಳೆ. ಅವನು ಅಂದಿನ ಸುದ್ದಿ ಹೇಳುತ್ತಾನೆ: ಸುಲ್ತಾನ ಹುಸೇನ್ ಕಾಮಿಲ್ ತೀರಿಕೊಂಡ, ಅವನ ಮಗ ಪಟ್ಟ ಒಲ್ಲೆನೆಂದ, ಫುವಾದ್ ಸುಲ್ತಾನನಾದ. 1917ರ ಅಕ್ಟೋಬರ್ ಅದು. ಜಗತ್ತಿನ ಅರ್ಧ ಭಾಗ ಹೊಡೆದಾಡಿಕೊಳ್ಳುತ್ತಿದೆ, ಈಜಿಪ್ಟನ್ನು ಬ್ರಿಟಿಷರು ತಮ್ಮ ರಕ್ಷಿತ ರಾಜ್ಯವೆಂದು ಘೋಷಿಸಿ ಮೂರು ವರ್ಷವಾಗುತ್ತ ಬಂದಿದೆ, ಊರಿನ ಬೀದಿಗಳಲ್ಲಿ ಆಸ್ಟ್ರೇಲಿಯದ ಸೈನಿಕರು ಕುಡಿದು ಅಡ್ಡಾಡುತ್ತಿದ್ದಾರೆ. ಈ ಮನೆಗೆ ಅದೆಲ್ಲ ಬರುವುದು ಗಂಡ ಕಾಲುಚೀಲ ಬಿಚ್ಚಿಸಿಕೊಳ್ಳುವಾಗ ಆಡುವ ಒಂದೆರಡು ಮಾತಾಗಿ.

ನಗೀಬ್ ಮಹ್ಫೂಜ್ ತಮ್ಮ ಮೂರು ಸಂಪುಟಗಳ ಕಾದಂಬರಿಯನ್ನು ಶುರು ಮಾಡುವುದು ಹೀಗೆ. 1956 ಮತ್ತು 57ರಲ್ಲಿ ಪ್ರಕಟವಾದ ಆ ಸಂಪುಟಗಳಿಗೆ ಕೈರೋದ ಬೀದಿ ಓಣಿಗಳ ಹೆಸರೇ ಹೆಸರು: ಬೈನ್ ಅಲ್-ಕಸ್ರೈನ್, ಕಸ್ರ್ ಅಲ್-ಶೌಕ್, ಅಲ್-ಸುಕ್ಕರಿಯ್ಯ. ಮೊದಲ ಮಹಾಯುದ್ಧದಲ್ಲಿ ಆರಂಭವಾದ ಕಥೆ ಎರಡನೆಯದು ಇನ್ನೂ ಮುಗಿಯದ 1944ರಲ್ಲಿ ನಿಲ್ಲುತ್ತದೆ. ಅಜ್ಜ, ಮಕ್ಕಳು, ಮೊಮ್ಮಕ್ಕಳು. ಇಷ್ಟು ಪುಟಗಳಲ್ಲಿ ಒಂದೇ ಒಂದು ರಣರಂಗವಿಲ್ಲ. ಓದಿ ಮುಗಿಸಿದಾಗ ಮಾತ್ರ ಎರಡು ಯುದ್ಧಗಳನ್ನು ದಾಟಿ ಬಂದ ಆಯಾಸ ಮೈಯಲ್ಲಿ ಇರುತ್ತದೆ. ಅದು ಹೇಗೆ ಸಾಧ್ಯವಾಯಿತು ಎಂಬ ಬೆರಗು ನನ್ನನ್ನು ಬಿಟ್ಟಿಲ್ಲ.

ನಮ್ಮ ಹಿಂದಿನವರು ವಯಸ್ಸನ್ನು ಇಸವಿಯಿಂದ ಲೆಕ್ಕ ಹಾಕುತ್ತಿರಲಿಲ್ಲ. ಪ್ಲೇಗಿನ ವರ್ಷ ಹುಟ್ಟಿದವನು, ಇನ್‌ಫ್ಲುಯೆಂಜಾ ಬಂದಾಗ ಮೈನೆರೆದವಳು, ಜರ್ಮನಿ ಯುದ್ಧ ನಡೆಯುತ್ತಿದ್ದಾಗ ಮದುವೆಯಾದವರು ಎನ್ನುತ್ತಿದ್ದರು. ಲೋಕವನ್ನೇ ಅಲ್ಲಾಡಿಸಿದ ಘಟನೆ ಅವರ ಬಾಯಲ್ಲಿ ಒಂದು ಹೆರಿಗೆಯ, ಒಂದು ಮದುವೆಯ ಗುರುತಾಗಿ ಉಳಿದಿರುತ್ತಿತ್ತು. ಇತಿಹಾಸದ ಮೇಷ್ಟ್ರುಗಳಿಗೆ ಇದು ತಲೆಕೆಳಗು ಅನ್ನಿಸಬಹುದು. ಮಹ್ಫೂಜ್ ಕಾದಂಬರಿ ಕಟ್ಟಿದ್ದು ಇದೇ ಲೆಕ್ಕದಲ್ಲಿ.

ಆ ಜರ್ಮನಿ ಯುದ್ಧದಲ್ಲಿ ನಮ್ಮವರೂ ಮಹ್ಫೂಜರ ದೇಶದಲ್ಲಿದ್ದರು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆಪಡೆ ಈಜಿಪ್ಟಿಗೆ ಹೋಗಿತ್ತು. 1915ರಲ್ಲಿ ತುರ್ಕರು ಸೂಯೆಜ್ ಕಾಲುವೆಯ ಮೇಲೆ ಏರಿ ಬಂದಾಗ ಅದನ್ನು ಕಾಯುತ್ತಿದ್ದ ಸೈನ್ಯದಲ್ಲಿ ಮೈಸೂರಿನ ಸವಾರರಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಾಗ ಜೋಧಪುರದವರ ಜೊತೆ ಅವರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನಲ್ಲೂ ಅವರ ಸ್ಮಾರಕಸ್ತಂಭವೊಂದಿದೆ. ಕಂಬದ ಮೇಲೆ ಹೆಸರು ಕೊರೆಯಬಹುದು. ಆ ಸವಾರರು ಬಿಟ್ಟು ಹೋದ ಮನೆಗಳಲ್ಲಿ ಆ ನಾಲ್ಕು ವರ್ಷ ಯಾರು ದೊಡ್ಡವರಾದರು, ಯಾರು ಮಾತು ಬಿಟ್ಟರು, ಯಾವ ಮಗು ಅಪ್ಪನ ಗುರುತೇ ಇಲ್ಲದೆ ನಡೆಯಲು ಕಲಿತಿತು ಎಂಬುದನ್ನು ಕೊರೆಯಲು ಕಲ್ಲಿನಲ್ಲಿ ಜಾಗವಿಲ್ಲ. ಅದಕ್ಕೆ ಸಾವಿರಾರು ಪುಟ ಬೇಕು, ಜೊತೆಗೆ ಮಹ್ಫೂಜರಂಥ ತಾಳ್ಮೆಯ ಗುಮಾಸ್ತ ಬೇಕು. ಗುಮಾಸ್ತ ಎಂದದ್ದು ಹಗುರವಾಗಿ ಅಲ್ಲ. ತತ್ವಶಾಸ್ತ್ರ ಓದಿದ ಆ ಮನುಷ್ಯ ನಿವೃತ್ತಿಯವರೆಗೂ ಸರ್ಕಾರಿ ನೌಕರಿ ಮಾಡಿದರು, ಕಚೇರಿ ಮುಗಿಸಿ ಬಂದು ಬರೆದರು.

ಮನೆಯ ಯಜಮಾನ ಅಹ್ಮದ್ ಅಬ್ದ್ ಅಲ್-ಜವಾದ್. ಹಗಲು ಅಂಗಡಿ, ಮನೆಯಲ್ಲಿ ಹುಲಿ, ರಾತ್ರಿ ಗೆಳೆಯರ ನಡುವೆ ಹಾಡು, ಹೆಣ್ಣು, ಹೆಂಡ. ಅವನೆದುರು ಮಕ್ಕಳು ತುತ್ತು ನುಂಗಲೂ ಹೆದರುತ್ತಾರೆ. ಹೆಂಡತಿಯನ್ನು ಗದರಿಸಿಕೊಂಡಿರುವ ಗಂಡಸರನ್ನು ಈಜಿಪ್ಟಿನ ಜನ ಇಂದಿಗೂ ಇವನ ಹೆಸರು ಹಿಡಿದೇ ಹಂಗಿಸುತ್ತಾರೆ. ಹೆಂಡತಿ ಅಮೀನಾ. ಮೊದಲ ಹೆಂಡತಿಯ ಮಗ ಯಾಸೀನ್. ಅಮೀನಾಳ ಮಕ್ಕಳು ಖದೀಜಾ, ಫಹ್ಮಿ, ಆಯಿಶಾ, ಎಲ್ಲರಿಗಿಂತ ಕಿರಿಯವನು ಕಮಾಲ್. ದಿನಾ ಅಪ್ಪ ಅಂಗಡಿಗೆ ಹೋದ ಮೇಲೆ ಸಂಜೆಮುಂದೆ ಅಮ್ಮನ ಅಗ್ಗಿಷ್ಟಿಕೆಯ ಸುತ್ತ ಕೂತು ಕಾಫಿ ಕುಡಿಯುವುದು ಈ ಮಕ್ಕಳ ಸುಖ. ಮನೆಯ ಎಲ್ಲ ಮಾತೂ ಆಗುವುದು ಅಲ್ಲಿ. ಜರ್ಮನರು ಗೆದ್ದರೆ ಒಳ್ಳೆಯದೇ, ತುರ್ಕರು ಬಂದರೆ ಹೇಗೆ ಎಂಬುದೂ ಅಲ್ಲೇ, ಖದೀಜಾಳ ದೊಡ್ಡ ಮೂಗಿನ ಗೇಲಿಯೂ ಅಲ್ಲೇ. ಎರಡಕ್ಕೂ ಒಂದೇ ದನಿ.

1911ರಲ್ಲಿ ಹುಟ್ಟಿದ ಮಹ್ಫೂಜ್ ಬೆಳೆದದ್ದು ಇದೇ ಗಮಾಲಿಯ್ಯ ಪೇಟೆಯಲ್ಲಿ. 1919ರ ದಂಗೆಯ ಗುಂಡಿನ ಸದ್ದು ಕೇಳಿದಾಗ ಅವರಿಗೆ ಏಳು ವರ್ಷ. ಮನೆಯ ಕಿಟಕಿಯಿಂದಲೇ ನೋಡಿದರು. ಕಮಾಲ್‌ನ ಕಣ್ಣು ಎಲ್ಲಿಂದ ಬಂತು ಎಂದು ಹುಡುಕುತ್ತ ಬಹಳ ದೂರ ಹೋಗಬೇಕಾಗಿಲ್ಲ.

ಯುದ್ಧ ಮುಗಿದು ನಾಲ್ಕು ತಿಂಗಳಾಗಿತ್ತು. ಸ್ವಾತಂತ್ರ್ಯ ಕೇಳಿದ ಸಾದ್ ಝಗ್ಲೂಲ್‌ರನ್ನು ಬ್ರಿಟಿಷರು 1919ರ ಮಾರ್ಚ್‌ನಲ್ಲಿ ಹಿಡಿದು ಮಾಲ್ಟಾ ದ್ವೀಪಕ್ಕೆ ಸಾಗಿಸಿದರು. ದೇಶ ಹೊತ್ತಿಕೊಂಡಿತು. ಸೈನಿಕರು ಬಂದು ಈ ಮನೆಯ ಎದುರಿಗೇ ಡೇರೆ ಹಾಕುತ್ತಾರೆ. ಒಳಗೆ ಕಾನೂನು ಓದುವ ಫಹ್ಮಿ ಗುಟ್ಟಾಗಿ ಕರಪತ್ರ ಹಂಚುವವರ ಗುಂಪಿಗೆ ಸೇರಿದ್ದಾನೆ. ಹೊರಗೆ, ಶಾಲೆಯಿಂದ ಬರುತ್ತಿರುವ ಕಮಾಲ್‌ನನ್ನು ಸೈನಿಕರು ಕರೆದು ಮಾತಾಡಿಸುತ್ತಾರೆ. ಹುಡುಗ ಆ ನೀಲಿ ಕಣ್ಣು, ಆ ಹೊಂಬಣ್ಣದ ಕೂದಲು ನೋಡಿ ಮರುಳಾಗುತ್ತಾನೆ. ಅವರಿಗೆ ಹಾಡು ಹೇಳುತ್ತಾನೆ. ಜೂಲಿಯನ್ ಎಂಬ ಸೈನಿಕ ಅವನಿಗೆ ಗೆಳೆಯನೇ ಆಗಿಬಿಡುತ್ತಾನೆ.

ಈ ಭಾಗ ಓದುವಾಗ ಕೈಯಲ್ಲಿದ್ದ ಪುಸ್ತಕ ತಾನಾಗಿ ಕೆಳಗಿಳಿಯುತ್ತದೆ. ಬೇರೆ ಲೇಖಕರಾಗಿದ್ದರೆ ಮಗುವಿನ ಬೆರಗಿಗೆ ಒಂದು ಪಾಠ ಕಲಿಸದೆ ಬಿಡುತ್ತಿರಲಿಲ್ಲ: ಸೈನಿಕ ಅವನನ್ನು ಒದೆಯುತ್ತಿದ್ದ, ಮಗುವಿಗೆ ವೈರಿ ಯಾರೆಂದು ತಿಳಿಯುತ್ತಿತ್ತು. ಮಹ್ಫೂಜ್ ಹಾಗೆ ಮಾಡುವುದಿಲ್ಲ. ಹುಡುಗನ ಖುಷಿ ನಿಜವಾದ ಖುಷಿಯೇ, ಆ ಸೈನಿಕರ ಅಕ್ಕರೆಯೂ ಅಷ್ಟರಮಟ್ಟಿಗೆ ನಿಜವೇ. ಅದೇ ಸೈನಿಕರು ಒಂದು ರಾತ್ರಿ ಮನೆಗೆ ಬರುತ್ತಿದ್ದ ಯಜಮಾನನನ್ನು ತಡೆದು, ದಂಗೆಕೋರರು ತೋಡಿದ ಕಂದಕವನ್ನು ಅವನ ಕೈಯಲ್ಲೇ ಮುಚ್ಚಿಸುತ್ತಾರೆ. ಮನೆಯ ಹುಲಿ ಬೀದಿಯಲ್ಲಿ ಮಣ್ಣು ಹೊರುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚು ನಿಜ ಎಂದು ಕಾದಂಬರಿ ತೀರ್ಪು ಕೊಡುವುದಿಲ್ಲ. ಬೆರಗು ಬಾವುಟ ನೋಡಿ ಹುಟ್ಟುವುದಿಲ್ಲವಲ್ಲ.

ಫಹ್ಮಿಯ ವಿಷಯ ಅಪ್ಪನ ಕಿವಿಗೆ ಬಿದ್ದಾಗ, ಇನ್ನು ಮುಂದೆ ಇಂಥದ್ದಕ್ಕೆ ಹೋಗುವುದಿಲ್ಲವೆಂದು ಕುರಾನಿನ ಮೇಲೆ ಆಣೆ ಮಾಡು ಎನ್ನುತ್ತಾನೆ. ಜನ್ಮದಲ್ಲಿ ಅಪ್ಪನಿಗೆ ಎದುರಾಡದ ಹುಡುಗ ಆಣೆ ಮಾಡುವುದಿಲ್ಲ. ಈ ಮನೆಯಲ್ಲಿ ಒಬ್ಬ ದೊಡ್ಡವನಾದ ಗಳಿಗೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಬ್ರಿಟಿಷ್ ಸಾಮ್ರಾಜ್ಯಕ್ಕೆ ಎದುರು ನಿಲ್ಲುವುದು ಅವನಿಗೆ ಕಷ್ಟವಾಗಿರಲಿಲ್ಲ. ಅಪ್ಪನ ಮುಂದೆ ನಿಂತಾಗ ಕಾಲು ನಡುಗಿತು. ಏಪ್ರಿಲ್ 7ರಂದು ಝಗ್ಲೂಲ್ ಬಿಡುಗಡೆಯ ಸುದ್ದಿ ಬರುತ್ತದೆ. ಊರಿಗೆ ಊರೇ ಹಬ್ಬ. ಮರುದಿನ ವಿಜಯದ ಮೆರವಣಿಗೆ, ಅದಕ್ಕೆ ಸರ್ಕಾರದ ಅಪ್ಪಣೆಯೂ ಇದೆ. ಅಂದು ಬೆಳಿಗ್ಗೆ ಫಹ್ಮಿ ಅಪ್ಪನ ಬಳಿ ಹೋಗಿ ಕೈಗೆ ಮುತ್ತಿಟ್ಟು ಕ್ಷಮೆ ಕೇಳುತ್ತಾನೆ, ಅಪ್ಪ ಕ್ಷಮಿಸುತ್ತಾನೆ. ದಂಗೆಯ ದಿನಗಳಲ್ಲೆಲ್ಲ ಉಳಿದುಕೊಂಡಿದ್ದ ಹುಡುಗ ಆ ಸಂತೋಷದ ಮೆರವಣಿಗೆಯಲ್ಲಿ ಗುಂಡು ತಗುಲಿ ಸಾಯುತ್ತಾನೆ. ಸುದ್ದಿ ಹೊತ್ತ ಯುವಕರು ಅಂಗಡಿಗೆ ಬರುತ್ತಾರೆ. ಅದನ್ನು ಅಮೀನಾಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಅಪ್ಪ ಮನೆಯ ಹೊಸ್ತಿಲು ತಲುಪಿದಾಗ ಒಳಗಿಂದ ಕಮಾಲ್ ಹಾಡುತ್ತಿರುವುದು ಕೇಳಿಸುತ್ತದೆ. ಮೊದಲ ಸಂಪುಟ ಮುಗಿಯಿತು.

ಮುಂದಿನದನ್ನು ತೆರೆದರೆ ಐದು ವರ್ಷ ಕಳೆದಿದೆ! ಅಮೀನಾ ಅತ್ತದ್ದು, ಮನೆ ಸೂತಕದಲ್ಲಿ ಮುಳುಗಿದ್ದು, ಯಜಮಾನ ಕೂಟಗಳನ್ನು ಬಿಟ್ಟದ್ದು ಯಾವುದನ್ನೂ ಲೇಖಕರು ಕಣ್ಣೆದುರು ತರುವುದಿಲ್ಲ. ಬಹಳ ವರ್ಷದ ಮೇಲೆ ನೆಂಟರ ಮನೆಗೆ ಹೋದವರ ಹಾಗೆ ನಾವು ಒಳಗೆ ಕಾಲಿಡುತ್ತೇವೆ. ಅಯ್ಯೋ ಎಷ್ಟು ಎತ್ತರ ಬೆಳೆದುಬಿಟ್ಟ, ಇವಳೇಕೆ ಇಷ್ಟು ಬಡವಾದಳು! ಮನೆಯಲ್ಲೇ ಇದ್ದವರಿಗೆ ಇದು ಕಾಣುವುದಿಲ್ಲ. ದಿನಾ ನೋಡುವ ಕಣ್ಣಿಗೆ ಮಗು ಬೆಳೆದದ್ದು ತಿಳಿಯುವುದು ಅಂಗಿ ಬಿಗಿಯಾದಾಗ ಮಾತ್ರ. ಮಹ್ಫೂಜರ ಕುಶಲತೆ ಇರುವುದು ಈ ಬಿಟ್ಟ ವರ್ಷಗಳಲ್ಲಿ ಎಂದು ನನಗೆ ಅನ್ನಿಸುತ್ತದೆ. ಬರೆದ ಒಂದೊಂದು ಗಂಟೆಯನ್ನೂ ಕಾಫಿಯ ನೊರೆಯ ತನಕ ಬರೆಯುತ್ತಾರೆ. ಬಿಟ್ಟರೆ ಐದು ವರ್ಷ, ಎಂಟು ವರ್ಷ ಒಟ್ಟಿಗೇ ಬಿಟ್ಟುಬಿಡುತ್ತಾರೆ. ಬದುಕನ್ನು ಹಿಂತಿರುಗಿ ನೋಡಿದಾಗ ನೆನಪೂ ಹೀಗೇ ಅಲ್ಲವೇ: ಒಂದು ಸಂಜೆ ಪೂರ್ತಿ ಉಳಿದಿರುತ್ತದೆ, ಅದರ ಸುತ್ತಲಿನ ದಶಕ ಅಳಿಸಿಹೋಗಿರುತ್ತದೆ.

ಕಮಾಲ್ ಈಗ ತರುಣ. ಚಿಕ್ಕಂದಿನಲ್ಲಿ ಅವನಿಗೆ ಪ್ರವಾದಿಯ ಮೊಮ್ಮಗ ಹುಸೇನರ ಮಸೀದಿಯೆಂದರೆ ಪ್ರಾಣ. ಹುತಾತ್ಮರು ತಮ್ಮ ಓಣಿಯ ಪಕ್ಕದಲ್ಲೇ ಮಲಗಿದ್ದಾರೆ, ತಾನು ಅವರ ನೆರೆಯವನು ಎಂಬ ಹೆಮ್ಮೆ. ಆ ಸಮಾಧಿಯೊಳಗೆ ಅವರಿಲ್ಲ, ಅದು ಬರೀ ಸಂಕೇತ ಎಂದು ಶಾಲೆಯಲ್ಲಿ ತಿಳಿದ ದಿನ ಅವನೊಳಗೆ ಕುಸಿದದ್ದು ಮತ್ತೆ ಏಳಲಿಲ್ಲ. ಆಮೇಲೆ ಡಾರ್ವಿನ್ ಬಂದ. ಮನುಷ್ಯನ ಮೂಲದ ಬಗ್ಗೆ ಕಮಾಲ್ ಬರೆದ ಲೇಖನ ಪತ್ರಿಕೆಯಲ್ಲಿ ಅಚ್ಚಾಗಿ ಅಪ್ಪನ ಕೈಗೆ ಸಿಗುತ್ತದೆ. ಆದಮನ ಮಕ್ಕಳಾದ ನಮ್ಮನ್ನು ಕೋತಿಯ ವಂಶ ಅನ್ನುತ್ತೀಯಾ ಎಂದು ಅಪ್ಪ ಕೇಳುತ್ತಾನೆ. ಯುದ್ಧದ ಸದ್ದು ಎಲ್ಲೂ ಇಲ್ಲದ ಅಧ್ಯಾಯ ಅದು. ಇಡೀ ಕಾದಂಬರಿಯಲ್ಲಿ ಅಷ್ಟು ಭೀಕರವಾದ ಕಾದಾಟ ಇನ್ನೊಂದಿಲ್ಲ. ಕಮಾಲ್ ಶ್ರೀಮಂತರ ಮನೆಯ ಐದಾಳನ್ನು ದೇವತೆಯೆಂದು ಆರಾಧಿಸುತ್ತಾನೆ, ಆಕೆ ಬೇರೊಬ್ಬನನ್ನು ಮದುವೆಯಾಗಿ ಹೋಗುತ್ತಾಳೆ. ಗಂಭೀರಮೂರ್ತಿ ಅಪ್ಪ ಗಾಯಕಿಯರ ಮನೆಯಲ್ಲಿ ತಮಟೆ ಬಡಿದು ಕುಣಿಸುವ ರಸಿಕನೆಂದು ಅಣ್ಣ ಯಾಸೀನ್ ಬಾಯಿಬಿಡುತ್ತಾನೆ. ಯಾಸೀನ್ ಅದನ್ನು ಕಣ್ಣಾರೆ ಕಂಡಾಗ ಅವನಿಗೆ ಆಗಿದ್ದು ಸಂತೋಷ: ಅಪ್ಪನೂ ನನ್ನ ಹಾಗೇ! ಕಮಾಲ್‌ಗೆ ಅದೇ ಸುದ್ದಿ ವಿಷ. ಅಪ್ಪ ಒಬ್ಬನೇ, ಬೆರಗು ಎರಡು. ಯಾಸೀನ್ ಮೂರು ಮದುವೆಯಾಗಿ, ನೂರು ತಪ್ಪು ಮಾಡಿ ಹಾಯಾಗಿ ಅಜ್ಜನಾಗುತ್ತಾನೆ. ಕಮಾಲ್ ಮದುವೆಯೂ ಆಗದೆ, ನಂಬಲೂ ಆಗದೆ, ನಂಬಿಕೆ ಬಿಡಲೂ ಆಗದೆ ಶಾಲೆಯ ಮೇಷ್ಟ್ರಾಗಿ ಉಳಿಯುತ್ತಾನೆ.

ಖದೀಜಾಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಕ್ಕತಂಗಿಯರಿಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿದ್ದಾರೆ. ಚೆಲುವೆ ಆಯಿಶಾ ಹಾಡಿಕೊಂಡಿರುತ್ತಾಳೆ, ಚೂಪು ನಾಲಗೆಯ ಖದೀಜಾ ಅತ್ತೆಯ ವಿರುದ್ಧ ಸಮರ ಸಾರುತ್ತಾಳೆ. ಬೇಡಿಕೆ ಒಂದೇ: ಒಲೆ ಬೇರೆಯಾಗಬೇಕು. ತಿಂಗಳುಗಟ್ಟಲೆ ಹೋರಾಡಿ ಗೆಲ್ಲುತ್ತಾಳೆ, ಪ್ರತ್ಯೇಕ ಅಡುಗೆಮನೆ ಬರುತ್ತದೆ. ಅಷ್ಟಕ್ಕೂ ಮುಗಿಯುವುದಿಲ್ಲ, ಕೋಳಿಯ ಒಂದು ಅಡುಗೆ ಯಾವ ಮನೆಯ ಕೈರುಚಿ ಎಂಬ ಜಗಳ ಅಲ್-ಜವಾದ್‌ನ ಮುಂದೆ ಪಂಚಾಯಿತಿಗೆ ಬರುತ್ತದೆ. ನಗುತ್ತ ಓದುತ್ತೇವೆ. ಇಡೀ ಕಾದಂಬರಿಯಲ್ಲಿ ಹೋರಾಡಿದವರು ಪೂರ್ತಿ ಗೆದ್ದ ಯುದ್ಧ ಇದೊಂದೇ ಎಂಬುದು ತಡವಾಗಿ ಹೊಳೆಯುತ್ತದೆ.

ಎರಡನೇ ಸಂಪುಟದ ಕೊನೆ 1927ರ ಆಗಸ್ಟ್. ಝಗ್ಲೂಲ್ ತೀರಿಕೊಂಡ ಸುದ್ದಿ ಬೀದಿಯಲ್ಲಿ ಹಬ್ಬುತ್ತಿರುವಾಗ ಯಾಸೀನ್‌ನ ಮನೆಯಲ್ಲಿ ಹೆರಿಗೆ, ಆಯಿಶಾಳ ಮನೆಯಲ್ಲಿ ಟೈಫಾಯ್ಡ್. ಅವಳ ಗಂಡ, ಇಬ್ಬರು ಗಂಡುಮಕ್ಕಳು ಹೋಗುತ್ತಾರೆ. ಸಿಪಾಯಿಗಳು ಈ ವಂಶದಿಂದ ಒಬ್ಬನನ್ನು ಒಯ್ದರೆ ಜ್ವರ ಒಮ್ಮೆಗೇ ಮೂವರನ್ನು ಒಯ್ದಿತು. ಕೆಲವು ವರ್ಷಗಳ ಮೇಲೆ ಉಳಿದೊಬ್ಬ ಮಗಳು ಹೆರಿಗೆಯಲ್ಲಿ ಸಾಯುತ್ತಾಳೆ. ಹಾಡುತ್ತಿದ್ದ ಆಯಿಶಾ ಸಿಗರೇಟು ಸೇದುತ್ತ ಗೋಡೆ ನೋಡುತ್ತ ಕೂರುವ ಹೆಂಗಸಾಗುತ್ತಾಳೆ.

ಮೂರನೆಯದರಲ್ಲಿ ಮನೆಗೆ ವಿದ್ಯುತ್ ದೀಪ ಬಂದಿದೆ, ರೇಡಿಯೊ ಬಂದಿದೆ. ಅಗ್ಗಿಷ್ಟಿಕೆಯ ಸುತ್ತ ಕೂರುವವರು ಕಡಿಮೆ. ಯಜಮಾನನ ಎದೆ ಸೋತಿದೆ. ಮೆಟ್ಟಿಲು ಹತ್ತಲಾರದೆ ಕೆಳಗಿನ ಅಂತಸ್ತಿಗೆ ಇಳಿದಿದ್ದಾನೆ. ಇಲ್ಲಿ ಮಹ್ಫೂಜ್ ಒಂದು ಅದ್ಭುತವನ್ನು ಸದ್ದಿಲ್ಲದೆ ನಡೆಸಿಬಿಡುತ್ತಾರೆ. ಹಿಂದೊಮ್ಮೆ ಗಂಡ ಪೋರ್ಟ್ ಸೈದ್‌ಗೆ ಹೋಗಿದ್ದಾಗ ಮಕ್ಕಳ ಒತ್ತಾಯಕ್ಕೆ ಅಮೀನಾ ಕಮಾಲ್‌ನ ಕೈ ಹಿಡಿದು ಹುಸೇನರ ಮಸೀದಿ ನೋಡಿಬರಲು ಹೊರಟಿದ್ದಳು. ಬೀದಿಯಲ್ಲಿ ಕಾರು ತಾಗಿ ಕೊರಳ ಮೂಳೆ ಮುರಿಯಿತು. ಅದು ಕೂಡಿಕೊಳ್ಳುವವರೆಗೂ ಸುಮ್ಮನಿದ್ದ ಗಂಡ, ಆಮೇಲೆ ತವರಿಗೆ ನಡೆ ಎಂದಿದ್ದ. ಒಮ್ಮೆ ಹೊಸ್ತಿಲು ದಾಟಿದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆ. ಈಗ ಅದೇ ಅಮೀನಾ ದಿನಾ ಮಸೀದಿಗಳಿಗೆ ಹೋಗಿಬರುತ್ತಾಳೆ. ಅವನು ಜಾಲಂಧ್ರದ ಹಿಂದೆ ಕೂತು ಬೀದಿ ನೋಡುತ್ತ ಅವಳು ಬರುವುದನ್ನು ಕಾಯುತ್ತಾನೆ. ಈ ಪಲ್ಲಟಕ್ಕೆ ಭಾಷಣವಿಲ್ಲ, ಹೋರಾಟವಿಲ್ಲ. ಯಾವ ದಿನ ಆಯಿತೆಂದು ಗಂಡಹೆಂಡಿರಿಗೂ ಗೊತ್ತಿರಲಾರದು. ಮುದಿತನ ಮಾಡಿದ ಕ್ರಾಂತಿ ಅದು.

ಹೊರಗೆ ಎರಡನೇ ಯುದ್ಧ. ಜರ್ಮನರು ಈಜಿಪ್ಟಿನ ಮರುಭೂಮಿಯೊಳಗೆ ಅಲಮೈನ್ ತನಕ ಬಂದು ನಿಂತಿದ್ದ ಕಾಲ ಅದು. ಆ ಮರುಭೂಮಿಯ ಯುದ್ಧದ ಬಾಲ ಬೆಂಗಳೂರಿನವರೆಗೂ ಚಾಚಿತ್ತು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ನಮ್ಮೂರಿನ ಶಿಬಿರಗಳಲ್ಲಿ ತಂದಿರಿಸಿದ್ದರು. ಕೈರೋದಲ್ಲಿ ಸೈರನ್ ಕೂಗುತ್ತದೆ. ಒಂದು ರಾತ್ರಿ ಕಮಾಲ್ ಅಪ್ಪನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಶ್ರಯತಾಣಕ್ಕೆ ಒಯ್ಯುತ್ತಾನೆ. ಯಾರ ಹೆಜ್ಜೆಯ ಸಪ್ಪಳಕ್ಕೆ ಮನೆಯೆಲ್ಲ ಉಸಿರು ಬಿಗಿಹಿಡಿಯುತ್ತಿತ್ತೋ ಆ ಮನುಷ್ಯ ಮಗನ ತೋಳಿನಲ್ಲಿ ಮಗುವಿನಷ್ಟು ಹಗುರ. ಬಾಂಬು ಮನೆಗೆ ತಾಗುವುದಿಲ್ಲ. ಅಡಗುದಾಣಕ್ಕೆ ಹೋಗಿಬಂದ ದಣಿವಿಗೇ ಅವನ ಪ್ರಾಣ ಹೋಗುತ್ತದೆ. ಫಹ್ಮಿ ಸತ್ತದ್ದು ವಿಜಯದ ದಿನ, ಅಪ್ಪ ಸತ್ತದ್ದು ಪಾರಾದ ರಾತ್ರಿ. ಈ ಮನೆಗೆ ಯುದ್ಧ ತಲೆಬಾಗಿಲಿನಿಂದ ಬಂದದ್ದೇ ಇಲ್ಲ.

ಮೂರು ತಲೆಮಾರಿನ ಕಥೆ ಕನ್ನಡಿಗರಿಗೆ ಹೊಸತೇನಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿಯರನ್ನು ಬಲ್ಲವರಿಗೆ ಅಮೀನಾ ದೂರದವಳು ಅನ್ನಿಸುವುದಿಲ್ಲ. ಕಾರಂತರಲ್ಲಿ ಮಣ್ಣು, ಕಡಲು, ಉಪ್ಪುನೀರು ಉಳಿಯುತ್ತವೆ. ಮೊಮ್ಮಗನಿಗೆ ಮರಳಿ ಬರಲು ಒಂದು ನೆಲವಿದೆ. ಮಹ್ಫೂಜರ ಮೊಮ್ಮಕ್ಕಳಿಗೆ ಅದಿಲ್ಲ. ಖದೀಜಾಳ ಇಬ್ಬರು ಗಂಡುಮಕ್ಕಳಲ್ಲಿ ಅಬ್ದ್ ಅಲ್-ಮುನಿಮ್ ಮುಸ್ಲಿಂ ಬ್ರದರ್‌ಹುಡ್ ಸೇರುತ್ತಾನೆ, ಅಹ್ಮದ್ ಕಮ್ಯುನಿಸ್ಟನಾಗುತ್ತಾನೆ. ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಇವನ ಸಭೆ, ಅವನ ಸಭೆ. ಪೊಲೀಸರಿಗೆ ಆ ಭೇದವಿಲ್ಲ, ಒಂದೇ ರಾತ್ರಿ ಇಬ್ಬರನ್ನೂ ಹಿಡಿದು ಒಂದೇ ಕೋಣೆಗೆ ನೂಕುತ್ತಾರೆ. ಆಮೇಲೆ ಸಿನಾಯ್‌ನ ಅಲ್-ತೂರ್ ಶಿಬಿರಕ್ಕೆ ಕಳಿಸುತ್ತಾರೆ. ಒಬ್ಬ ದೇವರನ್ನು ನೆಚ್ಚಿದವನು, ಇನ್ನೊಬ್ಬ ದೇವರಿಲ್ಲ ಎನ್ನುವವನು. ಇಬ್ಬರಿಗೂ ಇರುವ ಖಚಿತತೆ ಕಂಡು ಸೋದರಮಾವ ಕಮಾಲ್‌ಗೆ ಹೊಟ್ಟೆಕಿಚ್ಚು. ನನಗೋ ಹೆದರಿಕೆ. 1944ರ ಆ ಜೈಲುಕೋಣೆಯಲ್ಲಿ ಈಜಿಪ್ಟಿನ ಮುಂದಿನ ದಶಕಗಳೆಲ್ಲ ಅಕ್ಕಪಕ್ಕ ಕೂತಿವೆ. ಮಹ್ಫೂಜ್ ಇದನ್ನು ಬರೆದು ಮುಗಿಸಿದ್ದು 1952ರ ಏಪ್ರಿಲ್‌ನಲ್ಲಿ. ಜುಲೈನಲ್ಲಿ ಸೈನ್ಯಾಧಿಕಾರಿಗಳು ರಾಜನನ್ನು ಓಡಿಸಿದರು. ತಾನು ಬಯ್ಯಬೇಕೆಂದಿದ್ದ ಸಮಾಜವೇ ಹೋಯಿತಲ್ಲ ಎಂದು ಲೇಖಕರು ಕೆಲವು ವರ್ಷ ಕಾದಂಬರಿಯನ್ನೇ ಬರೆಯಲಿಲ್ಲ. 1988ರಲ್ಲಿ ನೊಬೆಲ್ ಬಂದಾಗಲೂ ಊರು ಬಿಟ್ಟು ಹೋಗದೆ, ಪ್ರಶಸ್ತಿ ತರಲು ಇಬ್ಬರು ಹೆಣ್ಣುಮಕ್ಕಳನ್ನು ಕಳಿಸಿದರು.

ಕೊನೆಯಲ್ಲಿ ಅಮೀನಾ ಲಕ್ವ ಹೊಡೆದು ಮಲಗಿದ್ದಾಳೆ. ಯಾಸೀನ್, ಕಮಾಲ್ ಅಂಗಡಿಗೆ ಹೋಗುತ್ತಾರೆ. ಯಾಸೀನ್‌ನ ಮಗಳು ಕರೀಮಾ ತುಂಬು ಗರ್ಭಿಣಿ, ಹುಟ್ಟುವ ಕೂಸಿಗೆ ಬಟ್ಟೆ ಕೊಳ್ಳಬೇಕು. ಅಪ್ಪನಿಗಾಗಿ ವರ್ಷವಿಡೀ ಕಟ್ಟಿದ ಕಮಾಲ್‌ನ ಕಪ್ಪು ಟೈ ಸವೆದಿದೆ, ಅಮ್ಮನಿಗೆ ಇನ್ನೊಂದು ಬೇಕಾಗುತ್ತದೆ. ಇಬ್ಬರೂ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಇದನ್ನು ದುಃಖದ ಮುಕ್ತಾಯ ಎನ್ನುವವರಿದ್ದಾರೆ, ಆಶಾವಾದ ಎನ್ನುವವರೂ ಇದ್ದಾರೆ. ನನ್ನ ಕಣ್ಣು ನಿಲ್ಲುವುದು ಯಾಸೀನ್‌ನ ಮೇಲೆ. ಜನ್ಮದಲ್ಲಿ ಒಂದು ವಿಚಾರವನ್ನೂ ಪೂರ್ತಿ ಯೋಚಿಸದ, ಎರಡು ಯುದ್ಧಗಳನ್ನೂ ಕಾಫಿ ಕುಡಿಯುತ್ತಲೇ ಕಳೆದ ಆ ಸೋಮಾರಿ ಕೂಸಿನ ಅಂಗಿಯನ್ನು ಮಾತ್ರ ತಪ್ಪದೆ ಆರಿಸುತ್ತಾನೆ.